ಮರಳಿಗೆ ತಾಗಿದ ಮೊಣಕಾಲು

ಮೊಣಕಾಲಿನೊಳಗೆ ಏನೋ ಪಟ್ಟೆಂದದ್ದು ಓಕ್‌ಜಿಗೆ ಮೊದಲು ಕೇಳಿಸಿತು, ನೋವು ಆಮೇಲೆ ಬಂತು.

ಏಪ್ರಿಲ್ ಕೊನೆಯ ವಾರ. ಹೊಳೆಯಾಚೆಯ ಊರಿನ ಹೆಣ್ಣುಮಕ್ಕಳ ಕುಸ್ತಿ ತಂಡ ಜೊತೆಗೂಡಿ ಅಭ್ಯಾಸ ಮಾಡಲು ಬಂದಿತ್ತು. ಅವರಲ್ಲಿ ದೋಹ್ವಾ ಎಂಬ ಇಪ್ಪತ್ತಾರರ ಹುಡುಗಿ ಒಂದೆರಡು ವರ್ಷದಲ್ಲೇ ಎಲ್ಲರೂ ತಿರುಗಿ ನೋಡುವಷ್ಟು ಬೆಳೆದಿದ್ದಳು. ಅವಳು ಹೊರಗಾಲು ಪಟ್ಟು ಹಾಕಿದಳು. ತನ್ನ ಬಲಗಾಲನ್ನು ಓಕ್‌ಜಿಯ ಎಡಗಾಲಿಗೆ ಹೊರಗಿನಿಂದ ಸುತ್ತಿ ಮೈಭಾರವನ್ನೆಲ್ಲ ಅದರ ಮೇಲೆ ಹೇರಿದಳು. ಅಭ್ಯಾಸದ ಪಂದ್ಯದಲ್ಲಿ ಹಾಗಾದಾಗ ಬೇರೆಯವರಾದರೆ ಬಿದ್ದುಬಿಡುತ್ತಾರೆ, ಬಿದ್ದರೆ ಹೋಗುವುದೇನೂ ಇಲ್ಲ. ಓಕ್‌ಜಿ ಬೀಳಲು ಒಪ್ಪಲಿಲ್ಲ. ಪಾದ ಮರಳಿನಲ್ಲಿ ಹೂತಿತ್ತು, ಸೊಂಟ ಒಂದು ಕಡೆ ತಿರುಗಿತು, ಮೊಣಕಾಲು ಒಳಕ್ಕೆ ಬಾಗಿತು. ಹಸಿ ಬಟ್ಟೆ ಹರಿದ ಹಾಗೆ ಒಂದು ಸದ್ದು.

ಎದ್ದು ನಿಂತು ಮೈಗಂಟಿದ ಮರಳು ಕೊಡವಿಕೊಂಡಳು.

“ಏನಾಗಿಲ್ಲ. ಬಾ, ಇನ್ನೊಂದು ಕೈ ನೋಡೋಣ.”

“ಅಕ್ಕಾ, ಸದ್ದು ನನಗೂ ಕೇಳಿಸ್ತು,” ಅಂದಳು ದೋಹ್ವಾ. ಅವಳ ಮುಖ ಬಿಳಿಚಿಕೊಂಡಿತ್ತು.

“ಅದು ನೀನು ಹಲ್ಲು ಕಡಿದ ಸದ್ದು. ಬಾ ಅಂದ್ನಲ್ಲ.”

ಒಂದು ಹೆಜ್ಜೆ ಇಟ್ಟಳು. ಎಡ ಮೊಣಕಾಲು ಪಕ್ಕಕ್ಕೆ ಜಾರಿತು. ಅಷ್ಟು ದೊಡ್ಡ ಹೆಂಗಸು ಕಾಲು ಮುರಿದ ಕುರ್ಚಿಯ ಹಾಗೆ ಕುಸಿದು ಕುಳಿತಳು. ಸುತ್ತ ಅಭ್ಯಾಸ ನಿಂತುಹೋಯಿತು.

ಓಕ್‌ಜಿಗೆ ಆಗ ಮೂವತ್ತನಾಲ್ಕು. ಆ ಹೊಳೆದಂಡೆಯ ಊರಿನಲ್ಲಿ ಅವಳ ಹೆಸರು ಗೊತ್ತಿಲ್ಲದವರಿರಲಿಲ್ಲ. ಹೆಂಗಸರ ಭಾರೀ ತೂಕದಲ್ಲಿ ಎರಡು ಸಲ ದೇಶಕ್ಕೇ ಮೊದಲಿಗಳಾಗಿ, ಗೆದ್ದವರು ಹೊದೆಯುವ ಜರಿಯಂಗಿ ಹೊದ್ದು ಪಲ್ಲಕ್ಕಿಯಲ್ಲಿ ಕೂತು ಬಂದವಳು. ತಂಡದಲ್ಲಿ ಎಲ್ಲರಿಗಿಂತ ಹಿರಿಯಳು, ಎಲ್ಲರಿಗಿಂತ ಬಾಯಿ ಜೋರು. ಮದುವೆಯಾಗಿರಲಿಲ್ಲ. ಸೇತುವೆಯ ಬುಡದಲ್ಲಿ ಚಿಪ್ಪುಮೀನಿನ ಸಾರಿನ ಅಂಗಡಿ ಇಟ್ಟಿದ್ದ ತಾಯಿಯ ಜೊತೆ ಅಂಗಡಿಯ ಮೇಲಿನ ಕೋಣೆಯಲ್ಲೇ ಇದ್ದಳು. ಮೈಯಲ್ಲಿ ಉಳುಕದ ಕೀಲು ಇರಲಿಲ್ಲ. ಬೆರಳು ತಪ್ಪಿದಾಗ ತಾನೇ ಎಳೆದು ಕೂರಿಸಿಕೊಂಡಿದ್ದಳು. ಪಾದದ ಗಂಟು ಬಾತಾಗ ಪಟ್ಟಿ ಬಿಗಿದು ಆಡಿದ್ದಳು. ತನ್ನ ಮೈ ತನ್ನ ಮಾತು ಕೇಳುತ್ತದೆ ಎಂದು ಅವಳಿಗೆ ಪೂರಾ ನಂಬಿಕೆ.

ಗುಕ್ ಟೀಚರ್ ಬಂದರು. ಟೀಚರ್ ಎಂಬುದು ಗೌರವದ ಕರೆ; ತಂಡದ ಪೆಟ್ಟು-ನೋವು ನೋಡಿಕೊಳ್ಳುವುದು ಅವರ ಕೆಲಸ, ಕುಸ್ತಿಮನೆಯ ಪಕ್ಕದಲ್ಲೇ ಅವರ ಕೋಣೆ. ಐವತ್ತು ದಾಟಿದ ಸಣ್ಣ ಮೈಯ ಹೆಂಗಸು. ಅವರ ಹೆಬ್ಬೆರಳಿಗೆ ಹೆದರದ ಕುಸ್ತಿಯವಳು ಆ ಊರಿನಲ್ಲಿರಲಿಲ್ಲ. ಓಕ್‌ಜಿಯನ್ನು ಮಲಗಿಸಿ, ಮೊದಲು ಒಳ್ಳೆಯ ಕಾಲನ್ನು ಎತ್ತಿ ಹಿಮ್ಮಡಿ ಹಿಡಿದು ಮೊಣಕಾಲನ್ನು ಮೆಲ್ಲನೆ ಒಳಕ್ಕೆ ಒತ್ತಿ ನೋಡಿದರು. ಆಮೇಲೆ ಎಡಗಾಲು.

“ಈ ಕಡೆ ಬಾಗಿಲು ಸಡಿಲ ಆಗಿದೆ,” ಅಂದರು.

“ಕಳಚಿ ಬಿದ್ದಿಲ್ಲ ತಾನೆ?”

“ಕಳಚಿದ್ರೆ ಹೀಗೆ ಬಾಯಿ ಮಾಡ್ತಿರಲಿಲ್ಲ ನೀನು. ನಾಳೆ ನಗರಕ್ಕೆ ಹೋಗಿ ಒಳಗಿನ ಚಿತ್ರ ತೆಗೆಸಿಕೊಂಡು ಬಾ. ಅಲ್ಲೀವರೆಗೆ ಮಂಜುಗಡ್ಡೆ, ಬಿಗಿಪಟ್ಟಿ, ಕಾಲು ದಿಂಬಿನ ಮೇಲೆ. ಯಾರಾದ್ರೂ ಎಳೆದು ಸರಿ ಮಾಡ್ತೀನಿ ಅಂತ ಬಂದ್ರೆ ಅವರ ಕೈ ಮುರಿಯೋಕೆ ನಿನಗೆ ನನ್ನ ಅಪ್ಪಣೆ ಇದೆ.”

ಮಾರನೆಯ ದಿನ ನಗರದ ಮೂಳೆ ಡಾಕ್ಟರು ಚಿತ್ರ ತೋರಿಸಿ ಹೇಳಿದರು: ಮೊಣಕಾಲಿನ ಒಳಪಕ್ಕದಲ್ಲಿ ತೊಡೆಮೂಳೆಯನ್ನೂ ಕೆಳಕಾಲನ್ನೂ ಬಿಗಿದು ಹಿಡಿಯುವ ಪಟ್ಟಿ ಅರ್ಧ ಹರಿದಿದೆ. ಒಳಗಿನ ಮೆತ್ತೆಗಳಿಗೆ ಏನೂ ಆಗಿಲ್ಲ. ಕತ್ತರಿ ಹಾಕುವ ಅಗತ್ಯವಿಲ್ಲ, ಆ ಪಟ್ಟಿ ತಾನೇ ಕೂಡಿಕೊಳ್ಳುತ್ತದೆ. ಆದರೆ ಕೂಡುವಷ್ಟು ಹೊತ್ತು ಅದನ್ನು ಅದರ ಪಾಡಿಗೆ ಬಿಡಬೇಕು, ಪಕ್ಕಕ್ಕೆ ಬಾಗದಂತೆ ಕೀಲುಪಟ್ಟಿ ತೊಡಬೇಕು.

ಅಂದು ಮಧ್ಯಾಹ್ನ ತಾಯಿ ಬಿಸಿ ಉಪ್ಪಿನ ಚೀಲ, ಒಂದು ದೊಡ್ಡ ಬಟ್ಟಲು ಸಾರು ಎರಡನ್ನೂ ಹೊತ್ತು ಗುಕ್ ಟೀಚರ ಕೋಣೆಗೆ ಬಂದರು.

“ಶಾಖ ಕೊಟ್ರೆ ಬಾವು ಇಳಿಯತ್ತೆ ಟೀಚರೇ. ನಮ್ಮತ್ತೆ ಹಾಗೇ ಮಾಡ್ತಿದ್ರು.”

“ಹಳೇ ನೋವಿಗೆ ಕೊಡಿ ಅಮ್ಮ, ನಿಮ್ಮ ಸೊಂಟಕ್ಕೆ ಕೊಡಿ, ಒಳ್ಳೇದೇ. ಇದು ನಿನ್ನೆ ಆದ ಗಾಯ. ಒಳಗೆ ಇನ್ನೂ ರಕ್ತ ಒಸರ್ತಿದೆ. ಈಗ ಬಿಸಿ ಹಾಕಿದ್ರೆ ಇನ್ನಷ್ಟು ಬಾಯುತ್ತೆ.”

“ಸೂಜಿ ಚುಚ್ಚೋ ನಾಟಿ ವೈದ್ಯರ ಹತ್ರ?”

“ನೋವಿಗೆ ಸೂಜಿ ಹಾಕಿಸ್ಕೊಳ್ಳಲಿ, ನಂದೇನೂ ಅಡ್ಡಿ ಇಲ್ಲ. ಹಿಡಿದು ತಿರುಚೋದು ಮಾತ್ರ ಬೇಡ.”

“ಸಾರು?”

“ಸಾರು ನನಗೂ ಒಂದು ಬಟ್ಟಲು ಹಾಕಿ.”

ಮೊದಲ ವಾರ ಕಳೆದ ಮೇಲೆ ಕಷ್ಟ ಶುರುವಾಯಿತು. ಓಕ್‌ಜಿ ತಿಳಿದಿದ್ದದ್ದು, ಗುಣವಾಗುವುದೆಂದರೆ ಮಲಗಿರುವುದು, ಬೇಸರ ಬಂದರೂ ಮಲಗಿರುವುದು. ಗುಕ್ ಟೀಚರ್ ಹೇಳಿದ್ದು ಬೇರೆ.

“ತೊಡೆ ನೋಡ್ಕೋ,” ಅಂದರು. ಎಡತೊಡೆ ಬಲತೊಡೆಗಿಂತ ಕಣ್ಣಿಗೆ ಕಾಣುವಷ್ಟು ಸೊರಗಿತ್ತು. “ಮೊಣಕಾಲು ನೋಯ್ತಿದೆ ಅಂತ ತೊಡೆ ಕೆಲಸ ಬಿಟ್ಟು ಕೂತಿದೆ. ಬಿಗಿ ಮಾಡು.”

ಓಕ್‌ಜಿ ಬಿಗಿಮಾಡಿದಳು. ಏನೂ ಆಗಲಿಲ್ಲ. ಎರಡು ಸಲ ದೇಶ ಗೆದ್ದ ಕಾಲು ಬೇರೆ ಯಾರದೋ ಕಾಲಿನಂತೆ ಹಾಸಿಗೆ ಮೇಲೆ ಬಿದ್ದುಕೊಂಡಿತ್ತು. ಅವಳಿಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ. ಪಟ್ಟೆಂದು ಸದ್ದು ಬಂದಾಗಲೂ ಅಷ್ಟು ಆಗಿರಲಿಲ್ಲ.

“ಬರ್ತಾ ಇಲ್ಲ ಟೀಚರ್.”

“ಬರತ್ತೆ. ಒಳ್ಳೇ ಕಾಲನ್ನ ಬಿಗಿ ಮಾಡಿ ಅದು ಹೇಗಿರತ್ತೆ ನೋಡ್ಕೊಂಡು, ಅದನ್ನೇ ಇದಕ್ಕೆ ಹೇಳು.”

ತೊಡೆಗೆ ಸಣ್ಣ ವಿದ್ಯುತ್ ತಟ್ಟುವ ಬಿಲ್ಲೆಗಳನ್ನು ಅಂಟಿಸಿದರು. ಮಾಂಸ ಮೀನಿನಂತೆ ಮಿಡುಕಿತು. ಮಿಡುಕಿದಾಗಲೆಲ್ಲ ಜೊತೆಗೆ ತಾನೂ ಬಿಗಿಮಾಡಬೇಕು. ಎರಡು ದಿನ ಹಾಗೆ ಮಾಡಿ ಮೂರನೆಯ ದಿನ ಬಿಲ್ಲೆ ಕಿತ್ತಾಗ ತೊಡೆ ತಾನೇ ನಡುಗುತ್ತ ಬಿಗಿಯಿತು. ಆಮೇಲೆ ಮಲಗಿ ಕಾಲೆತ್ತುವುದು, ಕೂತು ಕಾಲು ಚಾಚುವುದು, ನಿಂತು ಹಿಮ್ಮಡಿ ಎತ್ತುವುದು. ಆಮೇಲೆ ಎಲ್ಲಕ್ಕಿಂತ ಬೇಸರದ್ದು: ಮೆಟ್ಟಿಲ ಮೇಲೆ ಎಡಗಾಲೊಂದರಲ್ಲೇ ನಿಂತು, ಬಲಗಾಲಿನ ಹಿಮ್ಮಡಿಯನ್ನು ನೆಲಕ್ಕೆ ತಾಗುವವರೆಗೆ ಮೆಲ್ಲಗೆ ಇಳಿಸುವುದು, ತಾಗಿದ ಕೂಡಲೇ ಮತ್ತೆ ಮೇಲಕ್ಕೆ ಬರುವುದು. ಮೊಣಕಾಲು ಒಳಕ್ಕೆ ಓಲಿದರೆ ಟೀಚರ್ ಕೋಲಿನ ತುದಿಯಿಂದ ತಟ್ಟುತ್ತಿದ್ದರು.

“ಇಳಿಯೋದಕ್ಕೂ ಇಷ್ಟು ನಾಜೂಕು ಬೇಕಾ ಟೀಚರ್? ಧೊಪ್ ಅಂತ ಇಳಿದ್ರೆ ಆಗಲ್ವಾ?”

“ಎತ್ತೋದು ಯಾರು ಬೇಕಾದ್ರೂ ಎತ್ತುತ್ತಾರೆ. ಹಿಡಿದು ಇಳಿಸೋದು ಬಂದ್ರೇ ಕಾಲು ವಾಪಸ್ ಬಂತು ಅಂತ.”

ಜೂನ್ ಮೊದಲಲ್ಲಿ ದಾನೋ ಹಬ್ಬದ ದೊಡ್ಡ ಪಂದ್ಯ ಇತ್ತು. ತಂಡದ ಗುರು ಚು, ಒಳ್ಳೆಯ ಮನುಷ್ಯ, ಆದರೆ ಆತುರಗಾರ. ಬಂದು ಬಂದು ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. “ಆಡ್ತಾಳಾ ಟೀಚರ್?” ಎಂದು ಕೇಳುತ್ತಿದ್ದರು. “ನೋಡೋಣ” ಎಂಬುದಷ್ಟೇ ಉತ್ತರ. ಓಕ್‌ಜಿಗೆ ಆ ‘ನೋಡೋಣ’ ಕಿವಿಯಲ್ಲಿ ಕೂತ ಸೊಳ್ಳೆಯಾಯಿತು. ಪಂದ್ಯದ ಪಟ್ಟಿಗೆ ಹೆಸರು ಕೊಡುವ ದಿನ ಹತ್ತಿರ ಬಂದಾಗ ಅವಳು ಯಾರಿಗೂ ಹೇಳದೆ ಬಸ್ಸು ಹತ್ತಿ ಪಕ್ಕದ ಪಟ್ಟಣದ ದವಾಖಾನೆಗೆ ಹೋದಳು. ಗದ್ದೆ ನಾಟಿಗೆ ಹೋಗಬೇಕು, ಮೊಣಕಾಲು ನೋಯುತ್ತದೆ ಎಂದು ಸುಳ್ಳು ಹೇಳಿ ನೋವು ಮರೆಸುವ ಮದ್ದಿನ ಸೂಜಿ ಹಾಕಿಸಿಕೊಂಡಳು. ಕೀಲುಪಟ್ಟಿಯನ್ನು ಚೀಲದಲ್ಲಿ ಅಡಗಿಸಿದ್ದಳು. ಹಿಂದಕ್ಕೆ ಬರುವಾಗ ಬಸ್ಸಿನಿಂದ ಹಾರಿ ಇಳಿದಳು. ಆಹಾ ಎನಿಸಿತು.

ಅದೇ ಸಂಜೆ ಟೀಚರ ಕೋಣೆಗೆ ಹೋಗಿ, “ಇವತ್ತು ಪರೀಕ್ಷೆ ಮಾಡಿ. ನನಗೆ ಏನೂ ನೋವಿಲ್ಲ,” ಅಂದಳು.

ಗುಕ್ ಟೀಚರ್ ಮೊಣಕಾಲಿನ ಒಳಬದಿಗೆ ಹೆಬ್ಬೆರಳಿಟ್ಟು ಒತ್ತಿದರು. ಇನ್ನೂ ಒತ್ತಿದರು. ಓಕ್‌ಜಿಯ ಮುಖವನ್ನೇ ನೋಡುತ್ತಿದ್ದರು.

“ನಿನ್ನೆ ಇಲ್ಲಿ ಮುಟ್ಟಿದ್ರೆ ಹುಬ್ಬು ಗಂಟಾಗ್ತಿತ್ತು.”

“ನಿನ್ನೆ ನಿನ್ನೇನೇ.”

“ಎಲ್ಲಿ ಹಾಕಿಸ್ಕೊಂಡೆ?”

ಓಕ್‌ಜಿ ಗೋಡೆ ನೋಡಿದಳು.

ಬೈಗುಳ ಬರುತ್ತದೆಂದು ಕಾದಳು, ಬರಲಿಲ್ಲ. “ಸರಿ, ನೋವಿಲ್ಲ ಅಂತಾದ್ರೆ ಪರೀಕ್ಷೇನೇ ಮಾಡೋಣ,” ಎಂದು ಟೀಚರ್ ನೆಲಕ್ಕೆ ದಪ್ಪ ಹಾಸುಗಳನ್ನು ಹಾಸಿದರು. “ಎಡಗಾಲ ಮೇಲೆ ನಿಲ್ಲು. ಕಣ್ಣು ಮುಚ್ಚು.”

ಓಕ್‌ಜಿ ನಿಂತಳು, ಕಣ್ಣು ಮುಚ್ಚಿದಳು. ಒಂದು ಕ್ಷಣ ಎಲ್ಲ ನೆಟ್ಟಗಿತ್ತು. ಆಮೇಲೆ ಕತ್ತಲಲ್ಲಿ ನೆಲ ಯಾವ ಕಡೆ ಇದೆ ಎಂಬುದೇ ಮೊಣಕಾಲಿಗೆ ತಿಳಿಯದಂತಾಯಿತು. ಎಡಕ್ಕೆ ವಾಲಿ ಸರಿಪಡಿಸಿಕೊಳ್ಳುವಷ್ಟರಲ್ಲಿ ಬಲಕ್ಕೆ ಹೋಗಿ, ಹಾಸಿನ ಮೇಲೆ ಬಿದ್ದಳು. ಎದ್ದು ಮತ್ತೆ ನಿಂತಳು. ಮತ್ತೆ ಬಿದ್ದಳು.

“ನೋವು ಹೋಗಿದೆ, ಕಾಲು ಇನ್ನೂ ಬಂದಿಲ್ಲ,” ಅಂದರು ಟೀಚರ್, ಪಕ್ಕದಲ್ಲಿ ನೆಲಕ್ಕೇ ಕೂತು. “ಹರಿದ ಪಟ್ಟಿ ಬರೀ ಹಗ್ಗ ಆಗಿರಲಿಲ್ಲ ಕಣೆ. ಕಾಲು ಯಾವ ಕಡೆ ವಾಲ್ತಿದೆ ಅಂತ ಸುದ್ದಿ ಹೇಳ್ತಿದ್ದದ್ದೂ ಅದೇನೇ. ಆ ಸುದ್ದಿ ಇನ್ನೂ ಸರಿಯಾಗಿ ಬರ್ತಿಲ್ಲ. ಹೀಗೇ ಕಣಕ್ಕೆ ಇಳಿದ್ರೆ ಉಳಿದ ಅರ್ಧಾನೂ ಹೋಗತ್ತೆ. ಆಗ ನಾನು ಇದ್ದೂ ಉಪಯೋಗ ಇಲ್ಲ.”

ಓಕ್‌ಜಿ ಎದ್ದು ಕೂತು ಎಡ ಮೊಣಕಾಲನ್ನು ಅಂಗೈಯಿಂದ ಮುಚ್ಚಿಕೊಂಡಳು. ತನ್ನ ಮೈ ತನ್ನ ಮಾತು ಕೇಳಬೇಕೆಂದು ಇಷ್ಟು ವರ್ಷ ಗದರಿದ್ದೇ ಬಂತು, ಅದು ಹೇಳುವುದನ್ನು ತಾನು ಒಂದು ದಿನವೂ ಕೇಳಿರಲಿಲ್ಲ ಎನಿಸಿತು.

“ಗುರುಗಳಿಗೆ ನೀವು ಹೇಳ್ತೀರೋ ನಾನು ಹೇಳ್ಲೋ?”

“ನೀನೇ ಹೇಳು. ನಿನ್ನ ಬಾಯಿ ಜೋರಿದೆ.”

ದಾನೋ ಪಂದ್ಯಕ್ಕೆ ಅವಳು ಪ್ರೇಕ್ಷಕಳಾಗಿ ಹೋದಳು. ದೋಹ್ವಾ ಗೆದ್ದಳು. ಮರಳಿನ ಕಣದಿಂದ ಇಳಿದವಳು ಜರಿಯಂಗಿಯಲ್ಲೇ ಓಕ್‌ಜಿ ಕೂತಲ್ಲಿಗೆ ಬಂದು, ತಲೆ ತಗ್ಗಿಸಿ ನಿಂತಳು.

“ಅಕ್ಕಾ, ನೀವು ಇದ್ದಿದ್ರೆ…”

“ಇದ್ದಿದ್ರೆ ಬೀಳ್ತಿದ್ದೆ ನೀನು. ಗೆದ್ದವಳು ಹೀಗೆ ತಲೆ ತಗ್ಗಿಸ್ಕೊಂಡು ನಿಂತ್ರೆ ಸೋತವರು ಎಲ್ಲಿ ನೋಡ್ಬೇಕು ಹೇಳು? ಹೋಗು, ಪಲ್ಲಕ್ಕಿ ಕಾಯ್ತಿದೆ. ಸುಗ್ಗಿ ಹಬ್ಬಕ್ಕೆ ಬರ್ತೀನಿ.”

ಆಗಸ್ಟ್‌ವರೆಗಿನ ಅಲ್ಲಿಯ ಬೇಸಿಗೆ ಇಡೀ ಅವಳು ಕೆಲಸ ಮಾಡಿದಳು. ಟೀಚರ್ ಅವಳನ್ನು ಹೊಳೆಯ ಮರಳಿಗೆ ಕರೆದೊಯ್ದು ಅಡ್ಡಡ್ಡ ನಡೆಸಿದರು, ಒಂಟಿಕಾಲಲ್ಲಿ ಕುಪ್ಪಳಿಸುವಂತೆ ಮಾಡಿದರು, ನಿಂತಲ್ಲಿ ನಿಂತಿರುವಾಗ ಹಿಂದಿನಿಂದ ತಳ್ಳಿದರು. ಚಿಪ್ಪುಮೀನು ಹೆಕ್ಕುವ ಹೆಂಗಸರು ನೀರಿನಲ್ಲಿ ಸೊಂಟದವರೆಗೆ ನಿಂತು ನೋಡಿ ನಗುತ್ತಿದ್ದರು. “ಓಕ್‌ಜೀ, ಕೊಕ್ಕರೆ ಆಗೋಕೆ ಕಲೀತಿದ್ದೀಯಾ?” ಎಂದು ಕೂಗುತ್ತಿದ್ದರು. “ಮೀನು ಕಾಣಿಸಿದ್ರೆ ಹೇಳಿ,” ಎಂದು ಅವಳೂ ಕೂಗುತ್ತಿದ್ದಳು. ಆಗಸ್ಟ್ ಕೊನೆಗೆ ಎರಡೂ ತೊಡೆ ಒಂದೇ ಸಮ ಆದವು. ಕಣ್ಣು ಮುಚ್ಚಿ ಎಡಗಾಲಲ್ಲಿ ನಿಂತವಳನ್ನು ಟೀಚರ್ ಭುಜ ಹಿಡಿದು ದೂಡಿದರೂ ಕಾಲು ಕದಲಲಿಲ್ಲ. “ಹೋಗು, ಆಡು,” ಅಂದರು. ಅಷ್ಟೇ ಮಾತು.

ಸೆಪ್ಟೆಂಬರ್‌ನಲ್ಲಿ ಬಂದ ಸುಗ್ಗಿ ಹಬ್ಬದ ಪಂದ್ಯದಲ್ಲಿ ಕೊನೆಯ ಸುತ್ತಿಗೆ ಉಳಿದವರು ಓಕ್‌ಜಿ ಮತ್ತು ದೋಹ್ವಾ. ಮೊದಲು ಮೂರು ಆಟ ಗೆದ್ದವರಿಗೆ ಪಟ್ಟ. ಇಬ್ಬರೂ ಎದುರುಬದುರು ಮಂಡಿಯೂರಿ, ಭುಜಕ್ಕೆ ಭುಜ ಒತ್ತಿ, ಒಬ್ಬರ ಸೊಂಟಕ್ಕೂ ತೊಡೆಗೂ ಸುತ್ತಿದ ಬಟ್ಟೆಪಟ್ಟಿಯನ್ನು ಇನ್ನೊಬ್ಬರು ಹಿಡಿದು ಏಳಬೇಕು. ಎದ್ದ ಮೇಲೆ ಪಾದ ಬಿಟ್ಟು ಮೈಯ ಯಾವ ಭಾಗ ಮರಳಿಗೆ ತಾಗಿದರೂ ಸೋಲು. ಮೊದಲ ಆಟವನ್ನು ಓಕ್‌ಜಿ ಒಳಗಾಲು ಪಟ್ಟಿನಿಂದ ಗೆದ್ದಳು. ಎರಡನೆಯದರಲ್ಲಿ ದೋಹ್ವಾ ಅವಳನ್ನು ಎತ್ತಿ, ಗಾಳಿಯಲ್ಲೇ ತಿರುಗಿಸಿ ಒಗೆದಳು. ಜನ ಎದ್ದು ನಿಂತರು. ಕಣದ ಅಂಚಿನಲ್ಲಿ ಗುರು ಚು ತಮ್ಮ ಟೋಪಿಯನ್ನು ಹಿಂಡುತ್ತಿದ್ದರು. ಗುಕ್ ಟೀಚರ್ ಓಕ್‌ಜಿಯ ಎಡಗಾಲು ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ.

ಮೂರನೆಯ ಆಟದಲ್ಲಿ ದೋಹ್ವಾ ಮತ್ತೆ ಎತ್ತಿದಳು. ಈ ಸಲ ಓಕ್‌ಜಿ ಅದಕ್ಕೆ ಕಾದಿದ್ದಳು. ಎತ್ತಿದಷ್ಟು ಎತ್ತಿಸಿಕೊಂಡು, ಎರಡೂ ಪಾದದ ಮೇಲೆ ಇಳಿದು ಸರಕ್ಕನೆ ಪಕ್ಕಕ್ಕೆ ತಿರುಗಿದಳು. ಅವಳ ಬೆನ್ನ ಹಿಂದೆ ಸೊಂಟದ ಪಟ್ಟಿಯಲ್ಲಿ ದೋಹ್ವಾಳ ಬಲಗೈ ಸುತ್ತಿಕೊಂಡಿತ್ತು. ಆ ತಿರುವಿಗೆ ಕೈ ಹೊರಕ್ಕೂ ಹಿಂದಕ್ಕೂ ಎಳೆಯಲ್ಪಟ್ಟಿತು. ಎದೆಗೆ ಎದೆ ತಾಗಿದ್ದರಿಂದ ಓಕ್‌ಜಿಗೆ ಅದು ಕೇಳಿಸುವುದಕ್ಕೆ ಮೊದಲೇ ಗೊತ್ತಾಯಿತು. ದೋಹ್ವಾಳ ಭುಜದಲ್ಲಿ ಗಟ್ಟಿಯಾದದ್ದೇನೋ ಗುಳಕ್ಕೆಂದು ಜಾರಿ ಮುಂದಕ್ಕೆ ಬಂತು.

ದೋಹ್ವಾ ಕಿರುಚಲಿಲ್ಲ. ಅವಳ ಉಸಿರು ಮಾತ್ರ ನಿಂತಿತು. ಮೈಭಾರವೆಲ್ಲ ಓಕ್‌ಜಿಯ ಮೇಲೆ ಬಿತ್ತು. ಬೆರಳುಗಳು ಪಟ್ಟಿಯಲ್ಲಿ ಸಿಕ್ಕಿಕೊಂಡೇ ಇದ್ದವು.

ಒಂದು ತಳ್ಳು ಸಾಕಿತ್ತು. ತಳ್ಳಿದರೆ ದೋಹ್ವಾ ಬಲಕ್ಕೆ ಬೀಳುತ್ತಾಳೆ, ಸಿಕ್ಕಿಬಿದ್ದ ಕೈ ಅವಳ ಭಾರಕ್ಕೇ ತಿರುಚಿಕೊಂಡು ಹರಿಯಬಾರದ್ದೆಲ್ಲ ಹರಿಯುತ್ತದೆ. ಇದನ್ನೆಲ್ಲ ಓಕ್‌ಜಿ ಕೂತು ಲೆಕ್ಕ ಹಾಕಿದ್ದಲ್ಲ. ಐದು ತಿಂಗಳಿಂದ ಕೀಲುಗಳ ಮಾತಿನಲ್ಲೇ ಬದುಕಿದ್ದ ಮೈಗೆ ಅದು ತಾನಾಗಿ ಹೊಳೆಯಿತು. ತೊಡೆಯ ಪಟ್ಟಿ ಹಿಡಿದಿದ್ದ ಎಡಗೈಯನ್ನು ಬಿಟ್ಟು ಮೇಲಕ್ಕೆ ತಂದು, ದೋಹ್ವಾಳ ಬಲ ಮೊಣಕೈಯನ್ನು ತನ್ನ ಪಕ್ಕೆಗೆ ಒತ್ತಿ ಹಿಡಿದಳು. ಬಲಗೈಯಿಂದ ಅವಳ ಬೆನ್ನು ಬಳಸಿದಳು.

“ಕೈ ಎಳೀಬೇಡ,” ಎಂದು ಕಿವಿಯಲ್ಲಿ ಹೇಳಿದಳು. “ನನ್ನ ಮೇಲೆ ಒರಗು. ಇಳಿಸ್ತೀನಿ.”

ಎಡಗಾಲನ್ನು ಮುಂದಿಟ್ಟು ಇಳಿಯತೊಡಗಿದಳು. ಇಬ್ಬರ ಭಾರ. ತೊಡೆ ಬೆಂಕಿಯಾಯಿತು, ಮೊಣಕಾಲು ಓಲಲಿಲ್ಲ. ಕುದಿಯುವ ಸಾರಿನ ಹಂಡೆಯನ್ನು ತಾಯಿ ಒಲೆಯಿಂದ ಕೆಳಗಿಡುವ ಹಾಗೆ ಇಳಿಸಿದಳು. ಅವಳ ಬಲ ಮೊಣಕಾಲು ಮರಳಿಗೆ ತಾಗಿತು.

ಸೀಟಿ ಮೊಳಗಿತು. ನಿಯಮದಂತೆ ನಿರ್ಣಾಯಕರ ಕೈ ದೋಹ್ವಾಳ ಕಡೆ ಎದ್ದಿತು. ಜನರಿಗೆ ಏನಾಯಿತೆಂದೇ ತಿಳಿಯಲಿಲ್ಲ. ಓಕ್‌ಜಿ ತಾನೇ ಕೂತುಬಿಟ್ಟಳಲ್ಲ ಎಂದು ಗುಲ್ಲೆದ್ದಿತು. “ಏನ್ ಮಾಡ್ದೆ ನೀನು?” ಎಂದು ಗುರು ಚು ಅಂಚಿನಿಂದ ಕೂಗಿದರು.

“ಭುಜ ತಪ್ಪಿದೆ,” ಅಂದಳು ಓಕ್‌ಜಿ, ಕದಲದೆ. “ಟೀಚರನ್ನ ಕರೀರಿ. ಪಟ್ಟಿ ಕತ್ತರಿಸಿ, ಬಿಚ್ಚಬೇಡಿ.”

ದೋಹ್ವಾಳ ತಂಡದ ಗುರು ಓಡಿಬಂದು ಅವಳ ಮಣಿಕಟ್ಟಿಗೆ ಕೈ ಹಾಕಿದರು. ಹಳಬರು. ಅವರ ಕಾಲದಲ್ಲಿ ಹೀಗಾದರೆ ಕಂಕುಳಿಗೆ ಪಾದ ಕೊಟ್ಟು ಎಳೆಯುತ್ತಿದ್ದರು. ಅಷ್ಟರಲ್ಲಿ ಗುಕ್ ಟೀಚರ್ ಬಂದಿದ್ದರು.

“ಕೈ ತೆಗೀರಿ ಯಜಮಾನರೇ.”

“ಈಗ್ಲೇ ಕೂರಿಸಿದ್ರೆ ಕೂತ್ಕೊಳ್ಳತ್ತೆ, ತಡ ಆದ್ರೆ…”

“ಮೂಳೆ ಮುರಿದಿದ್ಯೋ ಏನೋ ಯಾರಿಗೆ ಗೊತ್ತು? ನರ ಸಿಕ್ಕಿಕೊಂಡಿದ್ರೆ ಎಳೆದ ಏಟಿಗೆ ಕೈಯೇ ಹೋಗತ್ತೆ. ತೆಗೀರಿ ಅಂದೆ.”

ಅವರು ತೆಗೆದರು. ಟೀಚರ್ ದೋಹ್ವಾಳ ಮಣಿಕಟ್ಟಿನಲ್ಲಿ ನಾಡಿ ನೋಡಿದರು, ಬೆರಳು ಆಡಿಸಲು ಹೇಳಿದರು, ಭುಜದ ಹೊರಬದಿ ಮುಟ್ಟಿ ಗೊತ್ತಾಗುತ್ತದೆಯೇ ಎಂದು ಕೇಳಿದರು. ಗೊತ್ತಾಗುತ್ತಿತ್ತು. ಪಂದ್ಯದ ಡಾಕ್ಟರು ಬಂದು ಅದನ್ನೇ ಮತ್ತೊಮ್ಮೆ ನೋಡಿದರು. ಕತ್ತರಿಯಿಂದ ಪಟ್ಟಿ ಕತ್ತರಿಸಿ, ಕೈ ಹೇಗಿತ್ತೋ ಹಾಗೆಯೇ ಎದೆಗೆ ಒರಗಿಸಿ ಕಟ್ಟಿದರು. ಅಷ್ಟು ಹೊತ್ತೂ ಓಕ್‌ಜಿ ಅವಳನ್ನು ಒರಗಿಸಿಕೊಂಡೇ ಕೂತಿದ್ದಳು. ಆಸ್ಪತ್ರೆಯ ಗಾಡಿಯತ್ತ ಹೋಗುವಾಗ ದೋಹ್ವಾ ಹಲ್ಲು ಕಚ್ಚಿಕೊಂಡೇ ತಿರುಗಿ, “ಎರಡು-ಒಂದು ಅಕ್ಕಾ. ನಾನೇ ಮುಂದೆ,” ಅಂದಳು.

ಮುಂದಿನ ಆಟಕ್ಕೆ ಅವಳಿಗೆ ಬರಲಾಗುವುದಿಲ್ಲವೆಂದು ಅವಳ ಗುರು ಬರೆದುಕೊಟ್ಟರು. ಹಾಗಾಗಿ ಪಟ್ಟ ಓಕ್‌ಜಿಗೆ ಬಂತು. ಜನ ಎರಡು ಪಂಗಡವಾಗಿ ವಾದ ಮಾಡಿದರು. ಸೋತು ಗೆದ್ದವಳು ಎಂದು ಒಬ್ಬ ಹಿಂದಿನ ಸಾಲಿನಿಂದ ಅಣಕಿಸಿದ. ಓಕ್‌ಜಿ ಅವನ ಕಡೆ ನೋಡಿ ಜರಿಯಂಗಿಯ ಗುಂಡಿ ಹಾಕಿಕೊಂಡಳು. ನಾಚಿಕೆಪಡುವಂಥದ್ದು ಏನೂ ಅವಳಿಗೆ ಕಾಣಲಿಲ್ಲ. ಆಟ ಮುಗಿಯುವವರೆಗೆ ನಿಲ್ಲಬಲ್ಲ ಮೈಯನ್ನು ಕಟ್ಟಿಕೊಂಡು ಬಂದಿದ್ದಳು, ನಿಂತಿದ್ದಳು. ಗುರು ಚು ಮುಖ ಊದಿಸಿಕೊಂಡಿದ್ದವರು ಪಲ್ಲಕ್ಕಿಯ ಹತ್ತಿರ ಬಂದು, “ಇನ್ನೊಂದ್ಸಲ ಹೀಗ್ ಮಾಡಿದ್ರೆ ನನ್ನ ಎದೆ ಒಡೆಯತ್ತೆ ಅಷ್ಟೇ,” ಎಂದು ಅವಳ ಬೆನ್ನು ತಟ್ಟಿದರು. ಗುಕ್ ಟೀಚರ್ ಮಾತ್ರ ಬಗ್ಗಿ ಅವಳ ಎಡ ಮೊಣಕಾಲನ್ನು ಅದುಮಿ ನೋಡಿದರು.

“ನೋವಿದ್ಯಾ?”

“ಇಲ್ಲ.”

“ಸೂಜಿ?”

“ಟೀಚರ್, ಸಾಕು ಬಿಡಿ.”

ಸಂಜೆ ತಾಯಿ ಕೊಟ್ಟ ಸಾರಿನ ಡಬ್ಬಿ ಹಿಡಿದು ಓಕ್‌ಜಿ ಆಸ್ಪತ್ರೆಗೆ ಹೋದಳು. ಕೂದಲಲ್ಲಿ ಇನ್ನೂ ಮರಳಿತ್ತು. ಚಿತ್ರ ತೆಗೆದು, ಮಂಪರು ಬರುವ ಮದ್ದು ಕೊಟ್ಟು ಭುಜ ಕೂರಿಸಿದ್ದರು. ಮೂಳೆ ಮುರಿದಿರಲಿಲ್ಲ. ಆದರೆ ಭುಜದ ಬಟ್ಟಲಿನ ಅಂಚು ಕಿತ್ತಿತ್ತು. ಈ ವಯಸ್ಸಿನಲ್ಲಿ, ಈ ಆಟದಲ್ಲಿ ಹಾಗೇ ಬಿಟ್ಟರೆ ಮತ್ತೆ ಮತ್ತೆ ತಪ್ಪುತ್ತದೆ, ಸಣ್ಣ ತೂತು ಮಾಡಿ ಹೊಲಿಯುವುದು ಮೇಲು ಎಂದಿದ್ದರು ಡಾಕ್ಟರು. ದೋಹ್ವಾ ಎಡಗೈಯಲ್ಲಿ ಚಮಚ ಹಿಡಿದು ಸಾರನ್ನು ಅರ್ಧ ಹಾಸಿಗೆಗೆ ಚೆಲ್ಲಿದಳು.

“ಹೊಲಿಸ್ಕೊಳ್ಳಲಾ ಅಕ್ಕಾ?”

“ಹೊಲಿಸ್ಕೋ. ಹೊಲಿಸ್ಕೊಂಡ ಮೇಲೆ ನಮ್ಮ ಟೀಚರ್ ಹತ್ರ ಬಾ. ನಿಮ್ಮಲ್ಲಿ ಯಾರಿದ್ದಾರೆ, ಕಂಕುಳಿಗೆ ಕಾಲು ಕೊಡೋ ನಿಮ್ಮ ಯಜಮಾನರು ತಾನೆ?”

“ನಾನು ಗುಣ ಆದ್ರೆ ನಿಮಗೇ ನಷ್ಟ.”

“ನನ್ನ ನಷ್ಟ ನಾನು ನೋಡ್ಕೋತೀನಿ. ಸಾರು ಕುಡಿ.”

ಭುಜ ಹೊಲಿಸಿಕೊಂಡ ಮೇಲೆ ಚಳಿಗಾಲ ಪೂರ್ತಿ ದೋಹ್ವಾ ಬಸ್ಸಿನಲ್ಲಿ ಹೊಳೆ ದಾಟಿ ಬಂದಳು, ಮೊದಮೊದಲು ಕೈಯನ್ನು ಜೋಲಿಯಲ್ಲಿ ಕಟ್ಟಿಕೊಂಡು. ಮೊದಲು ಬಗ್ಗಿ ನಿಂತು ಕೈಯನ್ನು ಲೋಲಕದಂತೆ ತೂಗಾಡಿಸುವುದು. ಆಮೇಲೆ ಗೋಡೆಯ ಮೇಲೆ ಬೆರಳುಗಳಿಂದ ಜೇಡದ ಹಾಗೆ ಹತ್ತುವುದು. ಗೋಡೆಯಲ್ಲಿ ನಿನ್ನೆ ಮುಟ್ಟಿದ ಎತ್ತರಕ್ಕೆ ಇವತ್ತು ಕೈ ಹೋಗದಿದ್ದರೆ ಅವಳು ಅಳುತ್ತಿದ್ದಳು. ಟೀಚರ್ ಅಳಲು ಬಿಡುತ್ತಿದ್ದರು. ಅತ್ತು ಮುಗಿದ ಮೇಲೆ ರಬ್ಬರ್ ಪಟ್ಟಿ ಕೈಗೆ ಕೊಡುತ್ತಿದ್ದರು. ಆ ಪಟ್ಟಿಯ ಇನ್ನೊಂದು ತುದಿ ಹಿಡಿದು ಕೂರುವ ಕೆಲಸ ಓಕ್‌ಜಿಯದು.

“ನೀನು ಕೂತ್ಕೊಂಡು ಕಡಲೆ ತಿನ್ನೋದು ನೋಡಿದ್ರೆ ಮೈ ಉರಿಯತ್ತೆ ಅಕ್ಕಾ.”

“ಉರೀಲಿ. ಆ ಉರೀಲಿ ಇನ್ನೊಂದೈದು ಎಳಿ.”

ಏಪ್ರಿಲ್‌ನಲ್ಲಿ ಡಾಕ್ಟರು ಒಪ್ಪಿಗೆ ಕೊಟ್ಟರು. ಬಲ ಬಂದಿತ್ತು, ಕೈ ಎಲ್ಲ ಕಡೆಗೂ ತಿರುಗುತ್ತಿತ್ತು. ಆದರೂ ಕಣಕ್ಕಿಳಿದು ಓಕ್‌ಜಿಯ ಸೊಂಟದ ಪಟ್ಟಿ ಹಿಡಿದಾಗ ದೋಹ್ವಾಳ ಬಲಗೈ ಹಕ್ಕಿಮರಿ ಹಿಡಿದಷ್ಟು ಮೆತ್ತಗಿತ್ತು. ಎರಡು ಸಲ ಎದ್ದರು, ಎರಡು ಸಲವೂ ಕೈ ಜಾರಿತು.

“ಗಟ್ಟಿ ಹಿಡಿ.”

“ಹಿಡಿದಿದ್ದೀನಲ್ಲ.”

“ಇಲ್ಲ. ಭುಜ ಹಿಡೀತಿದೆ, ನೀನು ಬಿಡ್ತಿದ್ದೀಯ.”

ಓಕ್‌ಜಿ ಅಂಚಿನಲ್ಲಿ ನಿಂತ ಟೀಚರ ಕಡೆ ನೋಡಿದಳು. ಟೀಚರ್ ಒಂದು ಗಳಿಗೆ ಯೋಚಿಸಿ, ಆಗಲಿ ಎಂಬಂತೆ ತಲೆಯಾಡಿಸಿದರು. ಮೂರನೆಯ ಸಲ ಎದ್ದಾಗ ಓಕ್‌ಜಿ ಕಾಯಲಿಲ್ಲ. ಒಳಗಾಲು ಕೊಕ್ಕೆ ಹಾಕಿ ದೋಹ್ವಾಳನ್ನು ಬಲ ಮಗ್ಗುಲಿಗೇ ಕೆಡವಿದಳು. ಬಲಭುಜ ಮರಳಿಗೆ ಬಡಿದು ಸದ್ದಾಯಿತು. ಅಭ್ಯಾಸ ಮಾಡುತ್ತಿದ್ದ ಹುಡುಗಿಯರೆಲ್ಲ ಸ್ತಬ್ಧರಾದರು.

ದೋಹ್ವಾ ಹಾಗೇ ಮಲಗಿದ್ದಳು. ಬೆರಳು ಆಡಿಸಿದಳು, ಮೊಣಕೈ ಮಡಚಿದಳು. ಕೈಯನ್ನು ಮೆಲ್ಲಗೆ ತಲೆಯ ಮೇಲಕ್ಕೆ ಚಾಚಿದಳು, ಇನ್ನೂ ಚಾಚಿದಳು. ಭುಜ ಇದ್ದಲ್ಲೇ ಇತ್ತು. ಮುಖಕ್ಕಂಟಿದ ಮರಳನ್ನು ಅದೇ ಕೈಯಿಂದ ಒರೆಸಿಕೊಂಡು ಎದ್ದು ಕೂತಳು.

“ಹೀಗೆ ಮೋಸ ಮಾಡಿ ಕೆಡವಿದ್ದಕ್ಕೆ ನಿನಗೆ ದಾನೋದಲ್ಲಿ ಇದೆ,” ಅಂದಳು.

“ದಾನೋ ದೂರ ಇದೆ. ಈಗ ಬಾ.”

ಇಬ್ಬರೂ ಮಂಡಿಯೂರಿದರು. ಭುಜಕ್ಕೆ ಭುಜ ಒತ್ತಿದರು. ಬೆನ್ನ ಹಿಂದೆ ದೋಹ್ವಾಳ ಬಲಗೈ ಹಿಡಿತಕ್ಕೆ ಸೊಂಟದ ಪಟ್ಟಿ ಮಾಂಸಕ್ಕೆ ಕಚ್ಚುವಷ್ಟು ಬಿಗಿದದ್ದು ಓಕ್‌ಜಿಗೆ ತಿಳಿಯಿತು. ಉಸಿರೆಳೆದುಕೊಂಡು, ಎಡಗಾಲೂರಿ, ಅವಳು ಎದ್ದಳು.